ಕೋಳಿಗಳು ಕುಡಿದ ಹಳದಿ ನೀರು

ಲಕ್ಷ್ಮೇಶ್ವರದ ಪಿಂಜಾರ ಫಕೀರಸಾಬನ ಹೆಂಡತಿ ದಿಲಶಾದಬಿ ಮದುವೆಯಾಗಿ ಬಂದಾಗ ತವರಿನಿಂದ ಬುಟ್ಟಿಯಲ್ಲಿ ಒಂದು ಕೋಳಿಯನ್ನೂ ಅದರ ಮರಿಗಳನ್ನೂ ತಂದಿದ್ದಳು. ಊರು ಆಗ ಸಂಸ್ಥಾನದ್ದು. ಸ್ವಾತಂತ್ರ್ಯ ಬಂದು, ಸಂಸ್ಥಾನ ಹೋಗಿ, ಊರು ಮುಂಬೈ ರಾಜ್ಯಕ್ಕೆ ಸೇರುವ ಹೊತ್ತಿಗೆ ಅವಳ ಕೋಳಿಗಳು ಓಣಿ ತುಂಬ ಆಗಿದ್ದವು. ಹತ್ತಿಯ ಧೂಳು ಎದೆಗಿಳಿದು ಫಕೀರಸಾಬ ಕೆಮ್ಮುತ್ತ ಕುಳಿತ ಮೇಲೆ ಮನೆ ನಡೆದದ್ದು ತತ್ತಿಯಿಂದಲೇ.

ಗೋಡೆಯಾಚೆ ಅರಳೆ ವ್ಯಾಪಾರಿ ಅಂದಪ್ಪನ ಮನೆ. ತತ್ತಿ ಮುಟ್ಟದ ಮನೆತನ. ಅವನ ಹೆಂಡತಿ ಗುರುಸಿದ್ದವ್ವ, ಬಿಸಿಲಿಗೆ ಹರವಿದ ಜೋಳದಲ್ಲಿ ಕೋಳಿ ಕಂಡರೆ ಸಾಕು, ಕೋಲು ಹಿಡಿದು ಬರುತ್ತಿದ್ದಳು. ಅವಳ ಬೈಗುಳ ಓಣಿಯ ಆ ತುದಿಗೂ ಕೇಳುತ್ತಿತ್ತು. ದಿಲಶಾದಬಿ ಎದುರಾಡುತ್ತಿರಲಿಲ್ಲ.

ಏಕೀಕರಣದ ವರ್ಷ, ದಸರಾ ಕಳೆದ ಮೇಲೆ ಕೋಳಿಗಳು ಮಂಕಾದವು. ಕಾಳು ಹಾಕಿದರೆ ಮೂಸುತ್ತಿರಲಿಲ್ಲ. ಜುಟ್ಟು ನೀಲಿಗಟ್ಟಿ, ಹಸಿರು ಹಿಕ್ಕೆ ಹಾಕಿ, ನಿಂತಲ್ಲೇ ತೂಕಡಿಸುತ್ತಿದ್ದವು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಒಂದೆರಡು ಸತ್ತು ಬಿದ್ದಿರುತ್ತಿದ್ದವು. ಸತ್ತದ್ದೊಂದನ್ನು ಚೀಲಕ್ಕೆ ಹಾಕಿಕೊಂಡು ಅವಳು ಶಿರಹಟ್ಟಿಯ ದನದ ದವಾಖಾನೆಗೆ ನಡೆದೇ ಹೋದಳು.

ಡಾಕ್ಟರ ವಿರೂಪಾಕ್ಷಪ್ಪ ಕೋಳಿಯನ್ನು ಕೊಯ್ದು ನೋಡಿದರು.

“ಕೊಕ್ಕರೆ ರೋಗ ಆಗಿದ್ದರ ನನ್ನ ಕಡೆ ಔಷಧ ಇರಲಿಲ್ಲ ನೋಡವಾ. ಇದು ಕೋಳಿ ಕಾಲರಾ. ಇದಕ್ಕ ಹೊಸಾ ಔಷಧ ಬಂದೈತಿ,” ಎಂದು ಒಂದು ಹಳದಿ ಪುಡಿ ಕೊಟ್ಟರು.

“ಹೆಂಗ ತಿನಿಸ್ಲಿರಿ? ಅವು ಕಾಳಾ ಮುಟ್ಟವಲ್ಲವು.”

“ತಿನ್ನೂದಿಲ್ಲ, ಆದ್ರ ನೀರು ಕುಡಿತಾವು. ಜ್ವರ ಇರತೈತಲ್ಲ. ದಿನಾ ಮುಂಜಾನೆ ಹೊಸದಾಗಿ ನೀರಾಗ ಕಲಸಿ ಮಣ್ಣಿನ ಪರಾತದಾಗ ಇಡು, ಉಳಿದದ್ದು ಚೆಲ್ಲು. ಬ್ಯಾರೆ ನೀರು ಮಾತ್ರ ಎಲ್ಲೂ ಸಿಗಬಾರದು. ಮತ್ತ ನಾ ಹೇಳೋತನಕ ತತ್ತಿ ಮಾರಬ್ಯಾಡ.”

ಮರುದಿನ ಅವಳು ಅಂಗಳದಲ್ಲಿ ಹಳದಿ ನೀರಿಟ್ಟು ದೂರ ಕುಳಿತಳು. ಒಂದು ಕೋಳಿ ಬಂದು ಕೊಕ್ಕು ಅದ್ದಿ, ತಲೆ ಕೊಡವಿ ಹೋಯಿತು. ಉಳಿದವು ಗೋಡೆಯ ಹಿಂದೆ ಹೋದವು. ಅವಳೂ ಹಿಂದೆ ಹೋಗಿ ನೋಡಿದಳು. ಗುರುಸಿದ್ದವ್ವನ ಬಚ್ಚಲಿನ ನೀರು ಅಲ್ಲಿ ಒಂದು ಕುಣಿಯಲ್ಲಿ ನಿಂತಿತ್ತು. ಕೋಳಿಗಳೆಲ್ಲ ಅದರ ಸುತ್ತ ಕೊಕ್ಕು ಎತ್ತಿ ಎತ್ತಿ ಕುಡಿಯುತ್ತಿದ್ದವು. ಎಲ್ಲವನ್ನೂ ಹಗಲಿಡೀ ಗೂಡಿನಲ್ಲಿ ಕೂಡಿಹಾಕಿದರೆ ರೋಗಕ್ಕಿಂತ ಮೊದಲು ಉಸಿರುಕಟ್ಟಿ ಸಾಯುತ್ತಿದ್ದವು.

ಅಳುಕುತ್ತಲೇ ಗುರುಸಿದ್ದವ್ವನ ಬಾಗಿಲಿಗೆ ಹೋಗಿ ನಿಂತಳು. ಇದ್ದದ್ದನ್ನು ಹೇಳಿದಳು.

“ಅಂದ್ರ, ನಿನ್ನ ಕೋಳಿ ಸಲುವಾಗಿ ನಾವು ಜಳಕಾ ಬಿಡಬೇಕೇನ?” ಎಂದಳು ಗುರುಸಿದ್ದವ್ವ.

“ಹಂಗಲ್ರಿ ಅಕ್ಕಾರ. ಆ ಕುಣಿ ನಾನ ಮಣ್ಣು ಹಾಕಿ ಮುಚ್ಚತೀನಿ. ನೀರು ಬ್ಯಾರೆ ಕಡೆ ಹೋದರ ಸಾಕು.” ದಿಲಶಾದಬಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಗುರುಸಿದ್ದವ್ವ ಅವಳನ್ನೇ ನೋಡಿದಳು. ಫಕೀರಸಾಬನ ಕೆಮ್ಮು ಗೋಡೆಯ ಈಚೆಗೂ ಕೇಳುತ್ತಿತ್ತು. “ಸನಿಕಿ ತರತೀನಿ ತಡಿ,” ಎಂದು ಒಳಗೆ ಹೋದಳು. ಇಬ್ಬರೂ ಸೇರಿ ಸನಿಕಿಯಿಂದ ಮಣ್ಣು ಎಳೆದು ಕುಣಿ ಮುಚ್ಚಿದರು.

ಆ ವರ್ಷ ದೀಪಾವಳಿ ಮತ್ತು ಹೊಸ ರಾಜ್ಯದ ಸಂಭ್ರಮ ಒಟ್ಟಿಗೇ ಬಂದಿದ್ದವು. ಅಂದಪ್ಪ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೊರಟರೆ, ನೀರು ಮತ್ತೆ ಗೋಡೆಯ ಹಿಂದೆ ನಿಂತೀತೆಂದು ಹೆಂಡತಿ ಅಡ್ಡ ನಿಂತಳು.

“ಹಬ್ಬದ ಜಳಕಾ ಬಾವಿ ಕಟ್ಟಿ ಮ್ಯಾಲೆ ಮಾಡ್ಲೇನ?” ಎಂದ ಅಂದಪ್ಪ.

“ಮಾಡ್ರಿ. ನೀರು ಅಲ್ಲೇ ಐತಿ.”

ಅಂದಪ್ಪ ಬಿಸಿನೀರಿನ ಕೊಡ ಹೊರಿಸಿಕೊಂಡು ಗೊಣಗುತ್ತ ಓಣಿಯಾಚೆಯ ಬಾವಿಗೆ ನಡೆದ. ಅವನನ್ನು ನೋಡಿ ಓಣಿಯ ಉಳಿದವರೂ ಕಾರಣ ಕೇಳಿದರು. ಕೆಲವರು ನಕ್ಕರು. ಆದರೂ ಒಬ್ಬೊಬ್ಬರೇ ತಮ್ಮ ಬಾನಿ, ಬಕೆಟ್ಟುಗಳಿಗೆ ಮುಚ್ಚಳ ಹಾಕಿದರು. ಹೊಸ ರಾಜ್ಯದ ಮೆರವಣಿಗೆಗೆ ಧೂಳು ಏಳದಿರಲೆಂದು ಹುಡುಗರು ಪೀಪಾಯಿಯಲ್ಲಿ ನೀರು ತಂದಾಗ ಗುರುಸಿದ್ದವ್ವನೇ ಓಣಿಯ ಬಾಯಿಗೆ ಹೋಗಿ ತಡೆದಳು.

“ಧೂಳ ಏಳತೈತಿ ಅವ್ವಾರ.”

“ಏಳಲಿ. ನಾವು ಸೆರಗು ಮುಚ್ಚಿಗೊಂತೀವಿ.”

ಬಾಜಾಬಜಂತ್ರಿಯ ಹಿಂದೆ ಕೆಂಪು ಧೂಳು ಎದ್ದು ಬಾಗಿಲ ತೋರಣಗಳೆಲ್ಲ ಮಾಸಿದವು.

ಬಾಯಾರಿದ ಕೋಳಿಗಳು ಕೊನೆಗೆ ಪರಾತಕ್ಕೇ ಬಂದವು. ಎದ್ದು ಬರಲಾರದವಕ್ಕೆ ದಿಲಶಾದಬಿ ತೊಡೆಯ ಮೇಲಿಟ್ಟುಕೊಂಡು ಕೊಕ್ಕಿಗೆ ಹನಿ ಹನಿ ಬಿಟ್ಟಳು. ಅವುಗಳಲ್ಲಿ ಬಹಳಷ್ಟು ಬದುಕಲಿಲ್ಲ. ತವರಿನಿಂದ ತಂದ ಕೋಳಿಯ ತಳಿಯ ಕರಿ ಕೋಳಿ ಅವಳ ಕೈಯಲ್ಲೇ ಕತ್ತು ಚೆಲ್ಲಿತು. ಅಂದು ಅವಳು ಒಲೆ ಹಚ್ಚಲಿಲ್ಲ. ಗುರುಸಿದ್ದವ್ವ ಗೋಡೆಯ ಮೇಲಿಂದ ಎರಡು ರೊಟ್ಟಿ, ಪುಂಡಿಪಲ್ಲೆ ದಾಟಿಸಿ, “ನಿನ್ನ ಗಂಡಗ ಹಾಕು, ನೀನೂ ತಿನ್ನು,” ಎಂದಳು.

ಉಳಿದ ಕೋಳಿಗಳು ಒಂದೊಂದೇ ಕಾಳಿಗೆ ಬಾಯಿ ಹಾಕಿದವು. ಡಾಕ್ಟರು ಹೇಳುವತನಕ ಕೋಳಿಗಳು ಇಟ್ಟ ತತ್ತಿಗಳನ್ನೆಲ್ಲ ಅವಳು ಹಿತ್ತಲಲ್ಲಿ ಹುಗಿದಳು. ಹೋಟೆಲಿನವನು ಬಂದು ಕೇಳಿದರೂ ಕೊಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮುಂಡರಗಿಯಿಂದ ಮುದುಕವ್ವ ಎಂಬವಳು ಕೋಳಿಗಳು ಉಳಿದ ಸುದ್ದಿ ಕೇಳಿ ದಿಲಶಾದಬಿಯನ್ನು ಹುಡುಕಿಕೊಂಡು ಬಂದಳು. ಅವಳ ಕೋಳಿಗಳಿಗೂ ಡಾಕ್ಟರು ಅದೇ ಪುಡಿ ಕೊಟ್ಟಿದ್ದರು, ಗುಣ ಕಂಡಿರಲಿಲ್ಲ. ದಿಲಶಾದಬಿ ಬಾಯಿಮಾತಿನಲ್ಲಿ ಹೇಳಿ ಕಳಿಸಲಿಲ್ಲ. ಮೊದಲ ಸಲ ಮೋಟಾರು ಹತ್ತಿ ಅವಳ ಜೊತೆಗೇ ಹೋದಳು. ಮುದುಕವ್ವನ ಅಂಗಳದಲ್ಲಿ ಎತ್ತು ನೀರು ಕುಡಿಯುವ ಕಲ್ಲಿನ ದೋಣಿ ತುಂಬಿತ್ತು. ಕೋಳಿಗಳು ಅದರ ಅಂಚಿನ ಮೇಲೆ ಸಾಲಾಗಿ ಕುಳಿತಿದ್ದವು.

“ಎತ್ತಿಗೆ ಬಕೆಟ್ಟಿನಾಗ ಕುಡಿಸವಾ,” ಎಂದು ದಿಲಶಾದಬಿ ಸೀರೆ ಎತ್ತಿ ಕಟ್ಟಿ, ದೋಣಿಯ ನೀರನ್ನು ಮೊಗೆದು ಹೊರಗೆ ಚೆಲ್ಲತೊಡಗಿದಳು.