ಸುಳ್ಳು ಹೇಳುವ ಚಿಪ್ಪು

ಎಂಟು ಕಾಲಿದ್ದರೂ ನಡೆಯಲ್ಲ, ಬಾಯಿಲ್ಲದಿದ್ದರೂ ಸುಳ್ಳು ಹೇಳುತ್ತದೆ. ಏನದು? ಬಿಡಿ, ನಿಮಗೆ ಹೊಳೆಯಲ್ಲ. ಹಳೇ ಗೇಮ್ ಮಷೀನಿಗೆ ನಾನು ಬೆಸೆಯುವ ಚಿಪ್ಪು.

ಶಿರಸಿಯ ನಮ್ಮ ರಿಪೇರಿ ಅಂಗಡಿಗೆ ಭೈರುಂಬೆಯ ಅಜ್ಜ ಒಬ್ಬರು ಮೊಮ್ಮಗಳ ಜೊತೆ ಅಂಥ ಮಷೀನು ತಂದರು. ಬೇರೆ ದೇಶದ ಡಿಸ್ಕನ್ನು ಒಪ್ಪದ ಮಷೀನದು, ಅವಳ ಜಪಾನಿನ ಗೇಮ್ ಡಿಸ್ಕು ಅದರಲ್ಲಿ ಓಡುತ್ತಿರಲಿಲ್ಲ; ರಜೆ ಮುಗಿಯೋಕೆ ಎರಡೇ ದಿನ. ನಾನು ಚಿಪ್ಪು ತೋರಿಸಿದೆ.

"ಈ ಚಿಪ್ಪು ಎಂತ ಮಾಡ್ತು ತಮಾ?"

"ಡಿಸ್ಕು ನಿನ್ನ ದೇಶದ್ದೇ ಅಂತ ಮಷೀನಿಗೆ ಸುಳ್ಳು ಹೇಳ್ತದೆ, ಅಜ್ಜ."

"ಸುಳ್ಳಾ? ನಮ್ಮನೆಗೆ ಬ್ಯಾಡ."

"ಆನ್ ಮಾಡುವಾಗ ಒಂದೇ ಸಲ. ಆಮೇಲೆ ಗಪ್‌ಚುಪ್."

"ದಿನಕ್ಕೊಂದಾ? ಹಂಗಾರೆ ಅಡ್ಡಿಲ್ಲೆ. ಅಷ್ಟು ಸುಳ್ಳು ಆನೂ ಹೇಳ್ತೆ," ಅಂತ ಅಜ್ಜ ತಮ್ಮ ಎದೆ ಮುಟ್ಟಿಕೊಂಡರು.

ಬೆಸೆದೆ. ಗೇಮು ಓಡಿತು.

ನಿಜ ಹೇಳಲಾ? ಅಜ್ಜ ಒಪ್ಪಿದ್ದು, ಗೇಮು ಓಡಿದ್ದು ಎಲ್ಲ ನಾನು ಕಟ್ಟಿದ ಕತೆ. "ಬ್ಯಾಡ" ಅಂದವರು ಮಷೀನು ಕಂಕುಳಲ್ಲಿಟ್ಟು ಹೊರಟೇಬಿಟ್ಟರು. ಮೊಮ್ಮಗಳು ಬಾಗಿಲಲ್ಲಿ ತಿರುಗಿ ನಿಂತು, "ಅಜ್ಜಂಗೆ ಬರೀ ಸರ್ವಿಸ್ ಮಾಡ್ತೆ ಹೇಳಿದ್ರೆ ಸಾಕಾಗಿತ್ತು, ಪೆದ್ದಾ!" ಅಂದಳು.