ಬೇಲಿ ದಾಟಿದ ನೀರು

ಬೆಳಗಿನ ಆರು ಗಂಟೆ. ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ಹೋಗುವ ಹೆದ್ದಾರಿ ಬಿಟ್ಟು ಹತ್ತು ಮೈಲಿ ಒಳಗಿರುವ ಪೆಕನ್ ಫೋರ್ಕ್ ಎಂಬ ಸಣ್ಣ ಊರಿನ ಹಳೆಯ ಸ್ಮಶಾನದಲ್ಲಿ ಬಾಳಪ್ಪ ಅಂಗಡಿ ಒಂದು ಗೋರಿಕಲ್ಲಿನ ಮುಂದೆ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ನೀರಿನ ಪೈಪು. ಜೂನ್ ತಿಂಗಳ ಟೆಕ್ಸಸ್ ಬಿಸಿಲು ಎಂಟಕ್ಕೆಲ್ಲ ಬೆನ್ನು ಸುಡುತ್ತದೆ, ಆದರೂ ಅವರ ಕೈಗೆ ಅವಸರವಿಲ್ಲ. ನೀರು ಬಿಡುತ್ತಾರೆ, ನಿಲ್ಲಿಸಿ ಕಲ್ಲನ್ನು ನೋಡುತ್ತಾರೆ, ಮತ್ತೆ ಬಿಡುತ್ತಾರೆ.

“ಮದಲ ಕಲ್ಲಿಗೆ ಹೊಟ್ಟಿ ತುಂಬ ನೀರು ಕುಡಸಬೇಕ್ರಿ. ಒಣಾ ಕಲ್ಲಿಗೆ ಬ್ರಶ್ ಹಾಕಿದ್ರ ಅದರ ಮೈ ತರಚತೈತಿ. ಆಮ್ಯಾಲೆ ಕೆಳಗಿಂದ ಮ್ಯಾಲಕ್ಕ ತಿಕ್ಕಬೇಕು. ಮ್ಯಾಲಿಂದ ತಿಕ್ಕಿದ್ರ ಹೊಲಸು ನೀರು ಇಳದು ಗೆರಿ ಬೀಳ್ತಾವು. ಇಷ್ಟ ನೋಡ್ರಿ ನನ್ನ ವಿದ್ಯಾ,” ಎಂದು ನಗುತ್ತಾರೆ.

ಅರವತ್ಮೂರರ ಬಾಳಪ್ಪನವರದು ಇಳಕಲ್ ಹತ್ತಿರದ ಊರು. ಅಪ್ಪ ಕೆಂಪು ಕಲ್ಲು ಒಡೆಯುತ್ತಿದ್ದವರು. ಅದೇ ಕಲ್ಲಿನ ವ್ಯಾಪಾರ ಹಿಡಿದು ಮೂವತ್ತು ವರ್ಷದ ಹಿಂದೆ ಹ್ಯೂಸ್ಟನ್‌ಗೆ ಬಂದ ಬಾಳಪ್ಪ, ಊರವರ ಅಡುಗೆಮನೆಗಳಿಗೆಲ್ಲ ಗ್ರಾನೈಟ್ ಕಟ್ಟೆ ಕೂರಿಸಿ ಕೊನೆಗೆ ತಮ್ಮ ಬೆನ್ನನ್ನೇ ಕೂರಿಸಿಕೊಂಡರು. ಭಾರ ಎತ್ತಬೇಡಿ ಎಂದರು ಡಾಕ್ಟರು. ಎತ್ತುವುದು ಬೇಡವಾದರೆ ತೊಳೆಯೋಣ ಎಂದು ಗೋರಿಕಲ್ಲಿನ ಕೆಲಸ ಕಲಿತರು. ಹನ್ನೊಂದು ವರ್ಷದಲ್ಲಿ ತೊಳೆದ ಕಲ್ಲುಗಳು ಸಾವಿರದ ಎಂಟುನೂರು ದಾಟಿವೆ. ವಾರಕ್ಕೆ ನಾಲ್ಕು, ಬಿಸಿಲು ಜೋರಾದರೆ ಎರಡು. ಮೆತ್ತನೆಯ ಬ್ರಶ್ಶು, ಅಕ್ಷರದ ಸಂದಿಗೆ ಬಿದಿರಿನ ಕಡ್ಡಿ, ಹಾವಸೆ ಸಡಿಲಿಸುವ ಒಂದು ಔಷಧಿ. ಮಿಕ್ಕಿದ್ದೆಲ್ಲ ನೀರು.

ಈ ಕಸುಬು ಕನ್ನಡಿಗರ ಕೂಟಗಳಲ್ಲಿ ಅಷ್ಟೇನೂ ಹೇಳಿಕೊಳ್ಳುವಂಥದ್ದಲ್ಲ. ಪ್ಲೇನೋದಲ್ಲಿರುವ ಮಗಳು ವೈಷ್ಣವಿಯ ಮನೆಗೆ ಹೋದಾಗ ಪಕ್ಕದ ಮನೆಯ ಚಿದಾನಂದ್, “ಅಂಕಲ್, ಸ್ನಾನ ಆಯ್ತಲ್ಲ?” ಎಂದು ಕೇಳಿಯೇ ಕೈ ಕುಲುಕುತ್ತಾರಂತೆ. ಮೊಮ್ಮಗಳು ಸಾನ್ವಿ ಮಾತ್ರ ಶಾಲೆಯಲ್ಲಿ, “ಮೈ ಅಜ್ಜ ಈಸ್ ಎ ಡೆಂಟಿಸ್ಟ್ ಫಾರ್ ಸ್ಟೋನ್ಸ್,” ಎಂದು ಹೇಳಿ ಬಂದಿದ್ದಾಳೆ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಮನೆಯ ಗ್ಯಾರೇಜಿನಲ್ಲಿ ಹೆಂಡತಿ ಜಯದೇವಿ ಒಂದು ಬಕೆಟ್ ನೀರು ತುಂಬಿಟ್ಟೇ ಇರುತ್ತಾರೆ. “ಕಾಲು ತೊಳಕೊಂಡ ಒಳಗ ಬರ್ಲಿ ಅಂತ. ಅವ್ರಿಗೆ ಮಡಿ ಇಲ್ಲ ಏನಿಲ್ಲ, ನನಗರೆ ಬ್ಯಾಡೇನ್ರಿ?” ಎನ್ನುತ್ತಾರೆ ಅವರು.

ಪೆಕನ್ ಫೋರ್ಕ್‌ನ ಸ್ಮಶಾನ ಒಂದೇ. ನಡುವೆ ತಂತಿ ಬೇಲಿ. ನೂರ ಅರವತ್ತು ವರ್ಷದ ಹಿಂದೆ ಅಮೆರಿಕ ಎರಡಾಗಿ ಬಡಿದಾಡಿದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಪರ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳುವ ಕಡೆ, ಹೋರಾಡಿದ ಬಿಳಿಯ ಸೈನಿಕರು ಬೇಲಿಯ ಪೂರ್ವಕ್ಕಿದ್ದಾರೆ. ಆ ಗುಲಾಮಗಿರಿಯನ್ನು ಮೈಮೇಲೆ ಹೊತ್ತವರು ಪಶ್ಚಿಮಕ್ಕೆ. ಪೂರ್ವದವರ ಮರಿಮಕ್ಕಳು ಪ್ರತಿ ಜನವರಿ ಹತ್ತೊಂಬತ್ತಕ್ಕೆ, ಟೆಕ್ಸಸ್ ಆ ಸೈನಿಕರ ನೆನಪಿಗೆ ಇಟ್ಟ ದಿನ, ಬಂದು ಬಾವುಟ ನೆಡುತ್ತಾರೆ. ಪಶ್ಚಿಮದವರು ಸೇರುವುದು ಜೂನ್ ಹತ್ತೊಂಬತ್ತಕ್ಕೆ. ಟೆಕ್ಸಸ್‌ನ ಗುಲಾಮರಿಗೆ ‘ನೀವಿನ್ನು ಸ್ವತಂತ್ರರು’ ಎಂಬ ಆದೇಶ ಗ್ಯಾಲ್ವೆಸ್ಟನ್‌ನಲ್ಲಿ ಓದಿ ಹೇಳಿದ ದಿನ ಅದು. ಎರಡೂ ದಿನ ಕುರ್ಚಿ ಹಾಕುವುದು ಬಾಳಪ್ಪನವರೇ. ಅಲ್ಲಿ ಶೌರ್ಯದ ಭಾಷಣ, ಇಲ್ಲಿ ಪ್ರಾರ್ಥನೆ, ಆಮೇಲೆ ಕಲ್ಲಂಗಡಿ. ಒಂದು ಕಡೆಯವರು ಇನ್ನೊಂದು ಕಡೆಯವರ ದಿನ ಈ ರಸ್ತೆಯಲ್ಲೇ ಸುಳಿಯುವುದಿಲ್ಲ.

ಸ್ಮಶಾನಕ್ಕೆಲ್ಲ ಇದ್ದ ನಲ್ಲಿ ಒಂದೇ, ಅದೂ ಪೂರ್ವಕ್ಕೆ. ಮೂರು ವರ್ಷದ ಹಿಂದೆ ಅಲ್ಲಿನ ಸೈನಿಕರ ವಂಶಸ್ಥರ ಸಂಘದವರು ಬಾಳಪ್ಪನವರನ್ನು ಕರೆದು ತಮ್ಮ ಕಲ್ಲುಗಳನ್ನು ಒಪ್ಪಿಸಿದರು. ಕಳೆದ ವರ್ಷ ಪಶ್ಚಿಮದವರ ಚರ್ಚಿನ ಹಿರಿಯರಾದ ಎಂಬತ್ತೊಂದರ ಅರ್ನೆಸ್ಟೀನ್ ಬಂದು, ನಮ್ಮದನ್ನೂ ಮಾಡಿಕೊಡಿ ಎಂದರು. ಅವರ ಮುತ್ತಜ್ಜಿ ಹ್ಯಾನಾ ಅಲ್ಲಿ ಮಲಗಿದ್ದಾಳೆ. ಕಲ್ಲು ಯಾವುದು ಎಂದು ಅಮ್ಮ ಬೆರಳು ತೋರಿಸಿ ಹೋಗಿದ್ದಳು. ಅದರ ಮೇಲೆ ಏನು ಬರೆದಿದೆ ಎಂದು ಬದುಕಿರುವ ಯಾರೂ ಓದಿಲ್ಲ, ಅಷ್ಟು ಕಪ್ಪು ಹಿಡಿದಿತ್ತು. ಈ ಜೂನ್ ಹತ್ತೊಂಬತ್ತಕ್ಕೆ ಅದನ್ನು ಓದಬೇಕೆಂಬುದು ಆ ಅಜ್ಜಿಯ ಹಟ. “ಮುಂದಿನ ವರ್ಷ ಅನ್ನಬೇಡಿ ನನಗೆ,” ಎಂದರಂತೆ.

ಮೊದಲೆಲ್ಲ ಬಾಳಪ್ಪ ಕ್ಯಾನಿನಲ್ಲಿ ನೀರು ತುಂಬಿ, ಒಂದು ಗೇಟಿನಿಂದ ಹೊರಬಿದ್ದು, ರಸ್ತೆ ಸುತ್ತಿ ಇನ್ನೊಂದು ಗೇಟಿನಿಂದ ಒಳಬರುತ್ತಿದ್ದರು. ಒಂದು ಕಲ್ಲಿಗೆ ಮೂರು ಸುತ್ತು. ಬೆನ್ನು ಮುಷ್ಕರ ಹೂಡಿತು. ಈ ಮಾರ್ಚಿನಲ್ಲಿ ಉದ್ದನೆಯ ಪೈಪು ತಂದು ಬೇಲಿಯ ತಂತಿಗಳ ನಡುವೆ ತೂರಿಸಿಬಿಟ್ಟರು. ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಯಾರೋ ಫೋಟೋ ತೆಗೆದರು. ಊರೆಲ್ಲ ಅದೇ ಮಾತಾಯಿತು. ನಮ್ಮ ವೀರರ ನಲ್ಲಿಯಿಂದ ಅವರಿಗೇಕೆ ನೀರು ಎಂದು ಸಂಘದಲ್ಲಿ ಅರ್ಧ ಜನ ಸಿಟ್ಟಾದರೆ, ಅವರ ನಲ್ಲಿಯ ನೀರು ನಮ್ಮ ಹಿರಿಯರ ಮೇಲೆ ಬೀಳುವುದೇ ಬೇಡ ಎಂದು ಚರ್ಚಿನ ಯುವಕರು ಸಿಡಿದರು. ನಲ್ಲಿಗೆ ಬೀಗ ಬಿತ್ತು. ಎರಡು ಕಡೆಯವರೂ ಅಷ್ಟು ವರ್ಷದ ಮೇಲೆ ಒಂದೇ ಮಾತಿಗೆ ಒಪ್ಪಿದ್ದು ಬಾಳಪ್ಪನವರನ್ನು ಬೈಯುವುದರಲ್ಲಿ.

ಮೇ ತಿಂಗಳಲ್ಲಿ ಊರಿನ ಲೈಬ್ರರಿಯಲ್ಲಿ ಸಭೆ ಸೇರಿತು. ಅಪ್ಪಣೆ ಕೊಟ್ಟವರು ಯಾರು ಎಂದು ಕೇಳಿದರು. ಬಾಳಪ್ಪ ಎದ್ದು ನಿಂತರು. ಕ್ಷಮೆ ಕೇಳಿ ಕೂರೋಣ ಎಂದೇ ಎದ್ದವರು, ಬೇರೇನೋ ಹೇಳಿಬಿಟ್ಟರು.

“ನಮ್ಮೂರಾಗ ಒಂದ ಬಾವಿ ಇತ್ರಿ. ಕೇರಿ ಮಂದಿ ಅದನ್ನ ಮುಟ್ಟಂಗಿರ್ಲಿಲ್ಲ. ಕೊಡಾ ಹಿಡಕೊಂಡು ಕೆಳಗ ನಿಲ್ತಿದ್ರು. ನಾವು ಮ್ಯಾಲಿಂದ ಸುರೀತಿದ್ವಿ. ನನ್ನ ಕ್ಲಾಸಿನ ದುರ್ಗಪ್ಪನ ಕೊಡಕ್ಕ ನಾನ ಸುರದೀನಿ, ಹತ್ತ ವರ್ಷದಂವ ಇದ್ದೆ. ಅರ್ಧ ನೀರು ಅವನ ತಲೀ ಮ್ಯಾಲೆ ಬೀಳ್ತಿತ್ತು. ನಾನು ನಗ್ತಿದ್ದೆ. ಪುಣ್ಯಾ ಮಾಡಾಕತ್ತೀನಿ ಅನ್ಕೊಂಡಿದ್ದೆ. ನಿಮ್ಮ ಯುದ್ಧದ್ದು ನನಗ ತಿಳೀದು. ಬಾವಿದು ತಿಳೀತೈತಿ. ಅಷ್ಟ ಹೇಳಿದೆ, ನನಗ ಬರೋ ಇಂಗ್ಲಿಷಿನ್ಯಾಗ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಭೆ ತೀರ್ಮಾನವಿಲ್ಲದೆ ಮುಗಿಯಿತು. ಕೆಲಸ ಹೋಯಿತು ಎಂದುಕೊಂಡೇ ಬಾಳಪ್ಪ ಮನೆಗೆ ಡ್ರೈವ್ ಮಾಡಿದರು. ಹ್ಯಾನಾಳ ಕಲ್ಲು ಹಾಗೇ ಉಳಿಯುತ್ತದಲ್ಲ ಎಂದು ಮನಸ್ಸು ಕುಟುಕುತ್ತಿತ್ತು.

ಎರಡು ವಾರ ಏನೂ ಇಲ್ಲ. ಆಮೇಲೊಂದು ಶನಿವಾರ ಸಂಘದ ಅಧ್ಯಕ್ಷ ವೆಂಡೆಲ್ ತನ್ನ ಟ್ರಕ್ಕಿನಲ್ಲಿ ಗುದ್ದಲಿ, ಕೊಳವೆ ಹೇರಿಕೊಂಡು ಬಂದ. ಅವನ ಮುತ್ತಾತ ಪೂರ್ವದ ಮೂರನೇ ಸಾಲಿನಲ್ಲಿದ್ದಾನೆ. ನಲ್ಲಿಯಿಂದ ಬೇಲಿಯವರೆಗೆ ಒಬ್ಬನೇ ಕಾಲುವೆ ತೋಡಿ, ಅಲ್ಲಿಗೆ ನಿಂತ. ಸೋಮವಾರ ಅರ್ನೆಸ್ಟೀನ್ ತಮ್ಮ ಚರ್ಚಿನ ನಾಲ್ವರನ್ನು ಕರೆತಂದು ಬೇಲಿಯಿಂದ ಈಚೆಗೆ ತೋಡಿಸಿದರು. ‘ಯಾರ ಉಪಕಾರವೂ ಬೇಡ, ನಮ್ಮ ನೆಲ ನಾವೇ ಅಗೆಯುತ್ತೇವೆ’ ಎಂಬುದು ಅವರ ಷರತ್ತು. ಕೊಳವೆ ಜೋಡಿಸುವ ದಿನ ಎರಡೂ ಕಡೆಯವರು ಎದುರುಬದುರು ನಿಂತರು. ಆಡಿದ ಮಾತು ಹತ್ತು ಇದ್ದರೆ ಹೆಚ್ಚು. ಯುದ್ಧದ ಬಗ್ಗೆ ಯಾರೂ ತಮ್ಮ ಅಭಿಪ್ರಾಯ ಬದಲಿಸಿಲ್ಲ. ಆದರೆ ಪಶ್ಚಿಮಕ್ಕೂ ಈಗ ಒಂದು ನಲ್ಲಿಯಿದೆ. ಅದಕ್ಕೆ ಬೀಗವಿಲ್ಲ.

ಏಕೆ ಮನಸ್ಸು ಬದಲಾಯಿತು ಎಂದು ಕೇಳಿದರೆ ವೆಂಡೆಲ್ ಟೋಪಿ ಸರಿಮಾಡಿಕೊಳ್ಳುತ್ತಾನೆ. “ಬಾಳಪ್ಪ ನನ್ನ ಮುತ್ತಾತನ ಕಲ್ಲು ತೊಳೆದಾಗ ನೋಡಿದ್ದೆ. ಈಚೆ ಬಂದು ಇವರದನ್ನು ತೊಳೆಯುವಾಗಲೂ ನೋಡಿದೆ. ಕೈ ಒಂದೇ ಥರ ಓಡುತ್ತಿತ್ತು. ಅದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ,” ಎನ್ನುತ್ತಾನೆ.

ಇಂದು ಜೂನ್ ಹತ್ತೊಂಬತ್ತು. ಬಾಳಪ್ಪ ಮಂಡಿಯೂರಿರುವುದು ಆ ಹೊಸ ನಲ್ಲಿಯ ನೀರು ಹಿಡಿದು, ಹ್ಯಾನಾಳ ಕಲ್ಲಿನ ಮುಂದೆ. ಮೂರು ದಿನದಿಂದ ಔಷಧಿ ಕುಡಿದು ಕಪ್ಪು ಸಡಿಲಾಗಿದೆ. ಏಳು ಗಂಟೆಗೆ ಅರ್ನೆಸ್ಟೀನ್ ಮಡಚುವ ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂರುತ್ತಾರೆ. ಬ್ರಶ್ಶು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿರುವುದರಿಂದ ಮೊದಲು ಕಾಣುವುದು ಸಾವಿನ ವರ್ಷ, 1921. ಅದರ ಮೇಲಿನ ಸಾಲಿಗೆ ಬಾಳಪ್ಪ ಬಿದಿರಿನ ಕಡ್ಡಿ ಹಿಡಿಯುತ್ತಾರೆ. ಹುಟ್ಟಿದ ದಿನ ಇರಬೇಕಾದ ಜಾಗ ಅದು. ಅಕ್ಷರಗಳು ಒಂದೊಂದಾಗಿ ಬಿಳಿಯಾಗುತ್ತವೆ. ‘ಬಿಡುಗಡೆ, ಜೂನ್ 19, 1865.’ ಕೊನೆಗೆ ಹೆಸರು.

ಅರ್ನೆಸ್ಟೀನ್ ಗಟ್ಟಿಯಾಗಿ ಓದುತ್ತಾರೆ. ಇನ್ನೊಮ್ಮೆ ಓದುತ್ತಾರೆ. “ಅವಳ ಹುಟ್ಟಿದ ದಿನ ಯಾರೂ ಬರೆದಿಟ್ಟಿರಲಿಲ್ಲ. ತನ್ನ ಲೆಕ್ಕ ಎಲ್ಲಿಂದ ಶುರು ಅಂತ ಅವಳೇ ಹೇಳಿಹೋಗಿದ್ದಾಳೆ, ನೋಡಿ,” ಎನ್ನುವಾಗ ಅಳುವೂ ನಗುವೂ ಒಟ್ಟಿಗೇ ಬಂದು, ಬಾಳಪ್ಪನವರ ಒದ್ದೆ ಕೈಯನ್ನು ಹಿಡಿದುಕೊಳ್ಳುತ್ತಾರೆ. ಬಾಳಪ್ಪ ದೊಡ್ಡ ಉಸಿರು ಬಿಡುತ್ತಾರೆ. ಮಾರ್ಚಿನಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದದ್ದು ಮುಖದಲ್ಲೇ ಕಾಣುತ್ತದೆ.

ಇನ್ನೇನು ಆಸೆ ಎಂದು ಕೇಳಿದರೆ ಪೈಪು ಸುತ್ತುತ್ತಾ ಊರಿನ ಮಾತು ತೆಗೆಯುತ್ತಾರೆ. ಡಿಸೆಂಬರಿಗೆ ಊರಿಗೆ ಟಿಕೆಟ್ ಬುಕ್ ಮಾಡಿದ್ದಾರೆ. ಊರಲ್ಲಿರುವ ತಮ್ಮನಿಂದ ನಂಬರು ಪಡೆದು, ಹುನಗುಂದದಲ್ಲಿರುವ ನಿವೃತ್ತ ಮೇಷ್ಟರು ದುರ್ಗಪ್ಪನವರಿಗೆ ಫೋನೂ ಮಾಡಿದ್ದಾರೆ. ಐವತ್ತು ವರ್ಷದ ಮೇಲಿನ ಮೊದಲ ಮಾತು.

“ನಿಮ್ಮ ಮನೀಗೆ ಬರ್ತೀನಿ, ನಿನ್ನ ಕೈಯಾಗಿಂದ ಒಂದ ಚರಗಿ ನೀರು ಕುಡೀಬೇಕು ಅಂದೆರಿ. ಲೈನ್ ಕಟ್ಟಾತೇನೋ ಅನ್ಕೊಂಡೆ. ಆಮ್ಯಾಲೆ ಅಂವ ಅಂದ, ‘ಬಾಳ್ಯಾ, ಇಷ್ಟ ವರ್ಷ ಆದಮ್ಯಾಲೆ ನೀರಡಿಕಿ ಆತೇನೋ ನಿನಗ? ಬಾ.’”