ಹಿಂದಿನ ಸ್ಪೀಕರಿನ ಮಾತು

ಮೊಮ್ಮಗಳ ಮದುವೆಯ ವಿಡಿಯೊ ಮಾಡಿದವನನ್ನು ನಾನು ಮೊದಲಿನಿಂದಲೂ ನಂಬಿರಲಿಲ್ಲ. ಅವನು ಮಾತಾಡುವಾಗ ಮುಖ ನೋಡುತ್ತಿರಲಿಲ್ಲ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ನಮ್ಮ ಕಡೆ. ಮದುವೆಯ ಮಂಗಲ ಕಾರ್ಯಾಲಯದ ಮೂಲೆಮೂಲೆಗೆ ಮೈಕ್ ಕಟ್ಟಿದ್ದ. ಹಿಂದಿನ ಮೈಕಿನ ಕೆಳಗೇ ನಿಂತು ನಾನು, "ಈ ಅತ್ತೀ ಬಾಯಾಗ ನಮ್ಮ ಹುಡುಗಿ ಹೆಂಗ ಬಾಳತಾಳ?" ಎಂದುಬಿಟ್ಟಿದ್ದೆ. ಬೀಗರು ಟೀವಿಯ ಸುತ್ತ ಐದು ಸ್ಪೀಕರ್ ಇಟ್ಟವರು; ಹಿಂದಿನ ಮೈಕಿಗೆ ಬಿದ್ದದ್ದು ಹಿಂದಿನ ಸ್ಪೀಕರಿನಲ್ಲೇ ಬರುತ್ತದಂತೆ. ನನ್ನ ಮಾತು ಅಲ್ಲಿ ಕೇಳಿಸಿದರೆ ಅನುಭವಿಸುವವಳು ಮೊಮ್ಮಗಳು.

ಅಥಣಿಯ ಅವನ ಅಂಗಡಿಗೆ ಹೋದೆ. ಕಂಪ್ಯೂಟರಿನಲ್ಲಿ ಒಂದೊಂದು ಸ್ಪೀಕರಿನ ದನಿಗೂ ಒಂದೊಂದು ಪಟ್ಟಿ ಇತ್ತು.

"ಎಲ್ಲಾ ಬ್ಯಾರೆಬ್ಯಾರೆ ಅದಾವ್ರಿ ಆಯಿ," ಎಂದ. ಏನು ಕೇಳಿದರೂ ಅವನದು ಅದೇ ಮಾತು.

"ಹಿಂದಿಂದು ಕೇಳೀದೇನ?"

"ಕೇಳಲಾರದ ಹೆಂಗ ಕತ್ತರಸೂದ್ರಿ? ಅದರಾಗ ಎರಡು ಕಡೆ ಬಂದ್ ಮಾಡೇನಿ. ಮುಂದಿನ ಸ್ಪೀಕರಿನ ಮಂತ್ರ, ಸನಾದಿ ಹಂಗ ಅದಾವು."

"ನಾ ಅಂದದ್ದು ಒಂದ ಮಾತಲೋ! ಇನ್ನೊಂದು ಯಾರದು?"

ಅವನು ಹೆಡ್‌ಫೋನನ್ನು ಎರಡೂ ಕಿವಿಗೆ ಎಳೆದುಕೊಂಡ. "ಎಲ್ಲಾ ಬ್ಯಾರೆಬ್ಯಾರೆ ಅದಾವ್ರಿ."

ಬೀಗರ ಮನೆಯಲ್ಲಿ ವಿಡಿಯೊ ಹಾಕಿದ ದಿನ, ಹಿಂದಿನ ಸ್ಪೀಕರಿನ ಪಕ್ಕ ಕೂರಬೇಕೆಂದು ನಾನು ಬೇಗ ಹೋದೆ. ಮೊಮ್ಮಗಳ ಅತ್ತೆ ಆಗಲೇ ಅಲ್ಲಿ ಕುಳಿತಿದ್ದಳು, ಸ್ಪೀಕರಿಗೆ ಕಿವಿ ಹಚ್ಚಿಕೊಂಡು.

"ಬರ್ರಿ ಬೀಗರ, ಇಲ್ಲೇ ಕುಂದರ್ರಿ. ಗಾಳಿ ಚೊಲೊ ಬರ್ತೈತಿ," ಎಂದಳು.

ಫ್ಯಾನ್ ಇದ್ದದ್ದು ಆಚೆ ಮೂಲೆಯಲ್ಲಿ.